ಬೇತಾಳನಿಗೆ ಮೂರು ವೇಷ: ಕುಲ, ಫೀಟ್, ಸಬ್‌ಕ್ಲಾಸ್

ಕೋಥರೂಡಿನ ನಮ್ಮ ಮನೆಯ ಬಾಲ್ಕನಿಯಿಂದ ವೇತಾಳ ಟೇಕಡಿ ಕಾಣುತ್ತದೆ. ಪುಣೆ ನಗರದೊಳಗಿನ ಅತಿ ಎತ್ತರದ ಗುಡ್ಡ ಅದು, ಸಮುದ್ರಮಟ್ಟದಿಂದ ಸುಮಾರು 800 ಮೀಟರ್. ನೆತ್ತಿಯ ಮೇಲೆ ವೇತಾಳನ ಗುಡಿ ಇದೆ. ಭಾನುವಾರ ಬೆಳಿಗ್ಗೆ ಗುಡ್ಡ ಹತ್ತಿ ಇಳಿದು, ಮಧ್ಯಾಹ್ನ ಊಟವಾದ ಮೇಲೆ ನಾವು ಆರು ಮಂದಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಲು ಕೂರುತ್ತೇವೆ. ಒಬ್ಬೊಬ್ಬರೂ ಒಂದು ಪಾತ್ರವಾಗಿ, ದಾಳ ಹಾಕುತ್ತ ಕಥೆ ಕಟ್ಟುವ ಆಟ ಅದು. ವಿಜಯಪುರದ ಗೆಳತಿ, ಮಂಗಳೂರಿನ ದಂಪತಿ, ಓದಲೆಂದು ಧಾರವಾಡದಿಂದ ಬಂದು ನಮ್ಮಲ್ಲೇ ಇರುವ ಚಿಕ್ಕಮ್ಮನ ಮಗ, ಮೇಲಿನ ಮಹಡಿಯ ಮರಾಠಿ ಹುಡುಗ. ಆಟ ನಡೆಸುವ ಡಿಎಂ ನಾನು.

"ಅಕ್ಕಾ, ಎಷ್ಟು ದಿನ ಎಲ್ಫ್ ಆಗಿರಲಿ? ನನಗೆ ಬೇತಾಳ ಬೇಕು" ಎಂದು ತಮ್ಮ ಕೇಳಿದಾಗ ಒಪ್ಪಿಕೊಂಡುಬಿಟ್ಟೆ. ಈ ಆಟದಲ್ಲಿ ಮನೆಯಲ್ಲೇ ನಿಯಮ ಬರೆದುಕೊಳ್ಳುವುದಕ್ಕೆ ಹೋಮ್‌ಬ್ರೂ ಎನ್ನುತ್ತಾರೆ. ರಾಕ್ಷಸನನ್ನೋ ಭೂತವನ್ನೋ ಆಟಗಾರನ ಕೈಗೆ ಕೊಡಲು ಮುಖ್ಯವಾಗಿ ಮೂರು ದಾರಿಗಳಿವೆ. ಅದನ್ನು ಹುಟ್ಟಿನ ಕುಲವಾಗಿಸಬಹುದು; ನಡುವೆ ಸೇರುವ ಒಂದು ಚಿಕ್ಕ ವರ, ಅಂದರೆ ಫೀಟ್ ಆಗಿಸಬಹುದು; ಇಲ್ಲವೇ ವಾರ್ಲಾಕ್, ಬಾರ್ಬೇರಿಯನ್‌ನಂಥ ವರ್ಗವೊಂದರ (ಪಾತ್ರದ ಕಸುಬು ಎನ್ನಿ) ಕವಲಾಗಿ, ಅಂದರೆ ಸಬ್‌ಕ್ಲಾಸ್ ಆಗಿ ಬರೆಯಬಹುದು. ಮೂರನ್ನೂ ಬರೆದು, ಮೂರನ್ನೂ ನಮ್ಮ ಊಟದ ಮೇಜಿನ ಮೇಲೆ ಆಡಿಸಿ ನೋಡಿದೆ. ನಾವು ಆಡುವುದು ಐದನೆಯ ಆವೃತ್ತಿ, ಹೆಚ್ಚಾಗಿ 2014ರ ನಿಯಮಗಳು.

ಮೊದಲು ಬರೆದದ್ದು ಕುಲ. ಬೇತಾಳ ಎಂದೊಡನೆ ನೆನಪಾದದ್ದನ್ನೆಲ್ಲ ಅದರಲ್ಲಿ ತುಂಬಿದೆ: ತಲೆಕೆಳಗಾಗಿ ನೇತಾಡುವುದು, ಶವದೊಳಗೆ ಹೊಗುವುದು, ಹಾರುವುದು. ಮೊದಲ ಲೆವೆಲ್‌ನಲ್ಲೇ 30 ಅಡಿ ಹಾರಾಟ ಕೊಟ್ಟದ್ದು ದೊಡ್ಡ ತಪ್ಪಾಯಿತು. ಪಾಳು ಕೋಟೆಯ ಅಂಗಳದಲ್ಲಿ ನಾಲ್ಕು ಜೊಂಬಿಗಳನ್ನು, ಅಂದರೆ ನಡೆದಾಡುವ ಹೆಣಗಳನ್ನು, ನಿಲ್ಲಿಸಿದ್ದೆ. ಜೊಂಬಿಯ ವೇಗ 20 ಅಡಿ, ದೂರಕ್ಕೆ ಎಸೆಯಲು ಅದರ ಬಳಿ ಏನೂ ಇಲ್ಲ. ತಮ್ಮ ಮೇಲಕ್ಕೇರಿ ಬಿಲ್ಲು ಹಿಡಿದ. ಉಳಿದ ನಾಲ್ವರು ಗೇಟಿನ ಹೊರಗೆ ನಿಂತು ನೋಡಿದರು. ಒಂದು ಗಂಟೆ ನಡೆಯಬೇಕಿದ್ದ ಕಾಳಗ ಹತ್ತು ನಿಮಿಷದಲ್ಲಿ ಮುಗಿಯಿತು. ಅದರಲ್ಲಿ ಯಾರಿಗೂ ಸಂತೋಷವಿರಲಿಲ್ಲ, ಗೆದ್ದವನಿಗೂ ಇರಲಿಲ್ಲ.

ಹಾರಾಟ ಕಿತ್ತುಹಾಕಿ, ಗೋಡೆ ಮತ್ತು ಸೂರಿನ ಮೇಲೆ ಹರಿದಾಡುವ ಶಕ್ತಿ ಕೊಟ್ಟೆ. ಆಗ ಇನ್ನೊಂದು ತೊಡಕು ಎದುರಾಯಿತು. ಬೇತಾಳ ಶವದಲ್ಲಿರುವವನಾದ್ದರಿಂದ ಅವನ ಜಾತಿಯನ್ನು 'ಅನ್‌ಡೆಡ್', ಅಂದರೆ ಸತ್ತೂ ಓಡಾಡುವವನು, ಎಂದು ಬರೆದಿದ್ದೆ. ಕಾಗದದ ಮೇಲೆ ಅದು ಸರಿಯಾಗಿಯೇ ಕಂಡಿತ್ತು, ಮನುಷ್ಯರಿಗಷ್ಟೇ ತಗಲುವ ವಶೀಕರಣ ಮಂತ್ರಗಳು ಅವನಿಗೆ ತಗಲುವುದಿಲ್ಲ. ಮೂರನೆಯ ಲೆವೆಲ್‌ನಲ್ಲಿ ಸ್ಮಶಾನದ ದೃಶ್ಯ ಬಂತು. ನಮ್ಮ ಕ್ಲೆರಿಕ್ (ದೈವಬಲದ ಪುರೋಹಿತೆ), ಮಂಗಳೂರಿನ ಗೆಳತಿ, ಪ್ರೇತಗಳನ್ನು ಓಡಿಸುವ ಟರ್ನ್ ಅನ್‌ಡೆಡ್ ಪ್ರಯೋಗಿಸಿದರು. 30 ಅಡಿಯೊಳಗಿನ ಪ್ರತಿಯೊಂದು ಅನ್‌ಡೆಡ್ ಕೂಡ ತಪ್ಪಿಸಿಕೊಳ್ಳಲು ದಾಳ ಹಾಕಲೇಬೇಕು. ತಮ್ಮನಿಗೆ ಬರೀ 4 ಬಿತ್ತು, ಸಾಲಲಿಲ್ಲ. ಪ್ರೇತಗಳ ಜೊತೆಗೆ ನಮ್ಮವನೂ ಬೇಲಿ ದಾಟಿ ಓಡಿದ. ಒಂದು ನಿಮಿಷ ಎಂದರೆ 10 ಸುತ್ತು, ಅಷ್ಟು ಹೊತ್ತೂ ಅವನು ಆಟದ ಹೊರಗೆ. ಮುಂದೆ ಗಾಯವಾದಾಗ ಕ್ಯೂರ್ ವೂಂಡ್ಸ್ ಮಂತ್ರವೂ ಅವನಿಗೆ ಹತ್ತಲಿಲ್ಲ, 2014ರ ನಿಯಮದಲ್ಲಿ ಅದು ಅನ್‌ಡೆಡ್‌ಗಳಿಗೆ ಫಲಿಸುವುದಿಲ್ಲ. ಈ ಆಟದಲ್ಲಿ ಅಧಿಕೃತವಾಗಿಯೇ ಇರುವ ಅರೆ-ರಕ್ತಪಿಶಾಚಿ ಧಂಪೀರನನ್ನು 'ಹ್ಯೂಮನಾಯ್ಡ್' (ಮನುಷ್ಯಸದೃಶ) ಎಂದೇ ಉಳಿಸಿಕೊಂಡದ್ದು ಏಕೆಂದು ಆ ದಿನ ನನಗೆ ಮನವರಿಕೆಯಾಯಿತು.

ಇವೆರಡನ್ನೂ ತಿದ್ದಿದ ಮೇಲೆ ಕುಲ ಆಡಬಲ್ಲಂತಾಯಿತು. ಆದರೆ ನನಗೆ ಅದು ಹಿಡಿಸಲಿಲ್ಲ. ಹುಟ್ಟಿನಲ್ಲಿ ಸಿಕ್ಕದ್ದು ಹುಟ್ಟಿನಲ್ಲೇ ನಿಲ್ಲುತ್ತದೆ. ಮೂರು ವಾರ ಕಳೆಯುವಷ್ಟರಲ್ಲಿ ನಮ್ಮ ಬೇತಾಳ, ಸೂರಿನ ಮೇಲೆ ನಡೆಯುವ ಒಬ್ಬ ಬಿಲ್ಲುಗಾರನಾಗಿ ಉಳಿದಿದ್ದ, ಅಷ್ಟೇ.

ಫೀಟ್ ಬಗ್ಗೆ ಹೇಳುವುದು ಕಡಿಮೆ. ನಾಲ್ಕನೆಯ ಲೆವೆಲ್‌ನಲ್ಲಿ ಪಾತ್ರದ ಸಾಮರ್ಥ್ಯದ ಅಂಕ ಏರಿಸಿಕೊಳ್ಳುವ ಬದಲು ತೆಗೆದುಕೊಳ್ಳುವ ಚಿಕ್ಕ ವರ ಅದು. ಹೆಣದೊಂದಿಗೆ ಮಾತಾಡುವ ಸ್ಪೀಕ್ ವಿತ್ ಡೆಡ್ ಮಂತ್ರದಲ್ಲಿ ಐದು ಪ್ರಶ್ನೆ ಕೇಳಬಹುದು. ನನ್ನ ಫೀಟ್‌ನಲ್ಲಿ ದಿನಕ್ಕೆ ಒಂದೇ ಪ್ರಶ್ನೆ, ಮಂತ್ರದ ಖರ್ಚಿಲ್ಲ. ವಿಜಯಪುರದ ಗೆಳತಿ ಅದನ್ನು ತನ್ನ ರೋಗ್ (ಕಳ್ಳಹೆಜ್ಜೆಯ ಚತುರೆ) ಪಾತ್ರಕ್ಕೆ ಹಾಕಿಕೊಂಡಳು. ಯಾವುದನ್ನೂ ಕೆಡಿಸಲಿಲ್ಲ, ಯಾರಿಗೂ ಹೊರೆಯಾಗಲಿಲ್ಲ. ಎರಡು ಭಾನುವಾರ ಅದು ಇದೆ ಎನ್ನುವುದೇ ಅವಳಿಗೆ ಮರೆತುಹೋಗಿತ್ತು. ಒಂದೇ ದಿನದ ಕಥೆ ಆಡಿಸುವವರಿಗೆ ಫೀಟ್ ಸಾಕು.

ಸಬ್‌ಕ್ಲಾಸ್‌ಗೆ ಕೈಹಾಕುವ ಮುನ್ನ ಮರಾಠಿ ಹುಡುಗನ ಜೊತೆ ನಡೆದ ಮಾತನ್ನು ಹೇಳಬೇಕು. "ತಾಯೀ, ನಿಮ್ಮ ಬೇತಾಳ ದೆವ್ವ. ನಮ್ಮೂರ ಕಡೆ ಅವನು ದೇವರು" ಎಂದ. ಅವನ ಮನೆತನ ಸಿಂಧುದುರ್ಗದ್ದು. ಅಲ್ಲಿನ ಆರವಲಿಯ ವೇತೋಬಾನಿಗೆ ಭಕ್ತರು ಬಾಳೆಗೊನೆಯನ್ನೂ ಬಹುದೊಡ್ಡ ಚರ್ಮದ ಚಪ್ಪಲಿಗಳನ್ನೂ ಹರಕೆ ಒಪ್ಪಿಸುತ್ತಾರೆ. ಅವನು ರಾತ್ರಿಯೆಲ್ಲ ಊರ ಕಾವಲು ತಿರುಗುತ್ತಾನೆ, ಹಾಗಾಗಿ ಚಪ್ಪಲಿ ಸವೆಯುತ್ತದೆ ಎಂಬ ನಂಬಿಕೆ. ಗೋವಾದ ಹಳ್ಳಿಗಳಲ್ಲಿಯೂ ಬೇತಾಳ ಗ್ರಾಮದೇವತೆ. ನಾನು ಬಾಲ್ಯದಿಂದ ಕೇಳಿದ್ದು ಹೆಗಲೇರುವ ಬೇತಾಳನ ಕಥೆಗಳನ್ನು ಮಾತ್ರ. ಯಾರೋ ದಿನವೂ ಕೈಮುಗಿಯುವ ದೇವರನ್ನು ಕತ್ತಿಗೆ ಸಿಗುವ ರಾಕ್ಷಸನನ್ನಾಗಿಸುವುದು ನನಗೆ ಬೇಡವೆನಿಸಿತು. ಆದ್ದರಿಂದ ಆಟಗಾರ ಬೇತಾಳನಾಗುವುದನ್ನು ಬಿಟ್ಟು, ಬೇತಾಳನನ್ನು ಹೊರುವವನಾಗಲಿ ಎಂದು ಯೋಚಿಸಿದೆ. ಅದಕ್ಕೆ ವಾರ್ಲಾಕ್ ವರ್ಗ ಹೇಳಿಮಾಡಿಸಿದಂತಿದೆ. ವಾರ್ಲಾಕ್ ಎಂದರೆ ತನಗಿಂತ ದೊಡ್ಡ ಶಕ್ತಿಯೊಂದಿಗೆ ಕರಾರು ಮಾಡಿಕೊಂಡವನು.

ಹನ್ನೊಂದನೆಯ ಶತಮಾನದ ಸೋಮದೇವ ಸಂಸ್ಕೃತದಲ್ಲಿ ಹೇಳಿದ ಕಥೆಯಲ್ಲಿ ರಾಜನ ಹೆಸರು ತ್ರಿವಿಕ್ರಮಸೇನ. ನಮ್ಮ 'ಛಲ ಬಿಡದ ತ್ರಿವಿಕ್ರಮ' ಹೆಗಲ ಮೇಲೆ ಹೊತ್ತದ್ದು ಈ ಕಥೆಯ, ಬೇತಾಳ ಹೊಕ್ಕ ಹೆಣವನ್ನೇ. ಆ ಕಥೆಯ ಜೀವ ಹಾರಾಟದಲ್ಲಿಲ್ಲ, ಕಟ್ಟಿನಲ್ಲಿದೆ. ಉತ್ತರ ಗೊತ್ತಿದ್ದೂ ಬಾಯಿ ಬಿಡದಿದ್ದರೆ ತಲೆ ಹೋಳಾಗುತ್ತದೆ. ಬಾಯಿ ಬಿಟ್ಟರೆ ಬೇತಾಳ ಮತ್ತೆ ಮರ ಸೇರುತ್ತಾನೆ. ಎರಡರಲ್ಲೂ ನಷ್ಟ. ನಿಯಮವನ್ನು ಇದರಿಂದಲೇ ಹೊಸೆದೆ.

ಮೂರನೆಯ ಲೆವೆಲ್‌ನ ವಾರ್ಲಾಕ್‌ಗೆ ಎರಡೇ ಸ್ಪೆಲ್ ಸ್ಲಾಟ್, ಅಂದರೆ ಮಂತ್ರ ಪ್ರಯೋಗಿಸುವ ಎರಡೇ ಅವಕಾಶ. ಒಂದು ಗಂಟೆಯ ಶಾರ್ಟ್ ರೆಸ್ಟ್ ಆದೊಡನೆ ಎರಡೂ ಮರಳುತ್ತವೆ. ನನ್ನ ಸಬ್‌ಕ್ಲಾಸ್‌ನಲ್ಲಿ ಸ್ಲಾಟ್ ಮರಳುವ ಹೊತ್ತಿಗೆ ಬೇತಾಳ ಒಂದು ಪ್ರಶ್ನೆ ಕೇಳುತ್ತಾನೆ. ಉತ್ತರ ಹೇಳಿದರೆ ಒಂದು ಸ್ಲಾಟ್ ಅವನೊಂದಿಗೆ ಮರಕ್ಕೆ ಹೋಗುತ್ತದೆ. ಬದಲಿಗೆ ಮುಂದಿನ ಕಾಳಗದಲ್ಲಿ ಜೊತೆಗಾರರೆಲ್ಲ ಒಂದೊಂದು ಸಲ ಎರಡು ದಾಳ ಹಾಕಿ ಹೆಚ್ಚಿನದನ್ನು ಇಟ್ಟುಕೊಳ್ಳಬಹುದು. ಮೌನವಾಗಿದ್ದರೆ ಎರಡೂ ಸ್ಲಾಟ್ ಉಳಿಯುತ್ತವೆ, ಆದರೆ ತಲೆಗೆ ಪೆಟ್ಟು. ಮೊದಲು ಆ ಪೆಟ್ಟನ್ನು 2ಡಿ6, ಅಂದರೆ ಆರು ಮುಖದ ಎರಡು ದಾಳಗಳ ಮೊತ್ತ ಎಂದಿಟ್ಟೆ. ತಮ್ಮನ ಪಾತ್ರಕ್ಕೆ ಒಟ್ಟು 24 ಹಿಟ್ ಪಾಯಿಂಟ್, ಅಂದರೆ ಜೀವದ ಅಂಕ. ದಿನಕ್ಕೆ ಎರಡು ರೆಸ್ಟ್ ಎಂದರೆ ಸರಾಸರಿ 14 ಹೋಗುತ್ತದೆ. ಶತ್ರು ಬರುವ ಮೊದಲೇ ಅರ್ಧಕ್ಕಿಂತ ಹೆಚ್ಚು ಜೀವ ಖಾಲಿ. 1ಡಿ6ಕ್ಕೆ, ಒಂದೇ ದಾಳಕ್ಕೆ, ಇಳಿಸಿದ ಮೇಲೆ ತಕ್ಕಡಿ ಸಮವಾಯಿತು.

ಅಷ್ಟಾದರೂ ಅದು ಬರಿಯ ಲೆಕ್ಕಾಚಾರದಂತೆಯೇ ಇತ್ತು. ಮೌನವನ್ನು ಪಾತ್ರದ ಬದಲು ಆಟಗಾರನ ಮೇಲೆಯೇ ಹಾಕಿದಾಗ ಆಟಕ್ಕೆ ಕಳೆ ಬಂತು. ಉತ್ತರ ಹೇಳದಿರಲು ನಿರ್ಧರಿಸಿದವನು ಮುಂದಿನ ಕಾಳಗ ಮುಗಿಯುವ ತನಕ ಮೇಜಿನ ಬಳಿ ಮಾತಾಡುವಂತಿಲ್ಲ, ಸನ್ನೆ ಮಾತ್ರ. ಇಲ್ಲಿಯೂ ಒಂದು ತೊಡಕು ಬಂತು. ಹೆಚ್ಚಿನ ಮಂತ್ರಗಳಿಗೆ ಬಾಯಿಂದ ಉಚ್ಚಾರಣೆ ಬೇಕು, ವಾರ್ಲಾಕ್‌ನ ಮುಖ್ಯ ಆಯುಧ ಎಲ್ಡ್ರಿಚ್ ಬ್ಲಾಸ್ಟ್‌ಗೂ ಬೇಕು. ಬಾಯಿ ಪೂರ್ತಿ ಕಟ್ಟಿದರೆ ಉಳಿಸಿಕೊಂಡ ಸ್ಲಾಟ್‌ಗಳು ಇದ್ದೂ ಇಲ್ಲದಂತೆ. ಮಂತ್ರ ಹೇಳಬಹುದು, ಮನುಷ್ಯರೊಡನೆ ಮಾತಿಲ್ಲ ಎಂದು ತಿದ್ದಿದೆ.

ಆ ಭಾನುವಾರ ನಾನು ಕೇಳಿದ ಪ್ರಶ್ನೆ ಇದು: ಕೆರೆ ಒಡೆಯದಂತೆ ಕಾವಲುಗಾರನೊಬ್ಬ ರಾತ್ರಿಯಿಡೀ ಏರಿಯ ಮೇಲೆ ನಿಂತ. ಅತ್ತ ಅವನ ಮನೆಗೆ ಬೆಂಕಿ ಬಿತ್ತು. ಕಳ್ಳನೊಬ್ಬ ಒಳನುಗ್ಗಿ ಅವನ ಮಗುವನ್ನು ಉಳಿಸಿದ, ಬರುವಾಗ ಹಣದ ಪೆಟ್ಟಿಗೆಯನ್ನೂ ಒಯ್ದ. ಕಳ್ಳನಿಗೆ ದಂಡ ಹಾಕಬೇಕೇ? ತಮ್ಮ ತುಟಿ ಕಚ್ಚಿ ಕುಳಿತ. ಮಿಕ್ಕವರು ತಮ್ಮತಮ್ಮಲ್ಲೇ ವಾದಕ್ಕಿಳಿದರು. ಮಂಗಳೂರಿನವರಲ್ಲಿ ಗಂಡ ಹಾಕಬೇಕು ಎಂದರೆ ಹೆಂಡತಿ ಕೂಡದು ಎಂದರು. ಕಾಳಗ ಶುರುವಾಗಿ ಮೂರನೆಯ ಸುತ್ತಿನಲ್ಲಿ, ಹಿಂದಿನಿಂದ ಬರುತ್ತಿದ್ದ ಪಿಶಾಚಿ ತಮ್ಮನೊಬ್ಬನಿಗೇ ಕಂಡಿತ್ತು. ಎರಡೂ ಕೈ ಬೀಸಿ ತೋರಿಸಿದ, ಕ್ಲೆರಿಕ್‌ಗೆ ಅರ್ಥವಾಗಲಿಲ್ಲ. ತಡೆಯಲಾರದೆ ಎದ್ದುನಿಂತು, "ದಂಡ ಹಾಕಬೇಕು, ಆದರೆ ಕೆರೆ ಉಳಿದದ್ದು ಊರಿಗಾಗಿ, ದಂಡವನ್ನು ಊರೇ ಕಟ್ಟಲಿ! ಅತ್ತಿಗೆ, ಹಿಂದೆ ನೋಡಿ!" ಎಂದು ಕೂಗಿದ. ಸ್ಲಾಟ್ ಹೋಯಿತು. ಅತ್ತಿಗೆ ಉಳಿದರು. ಆಮೇಲೆ ಚಹಾ ಆರುವ ತನಕ ಎಲ್ಲರೂ ಆ ದಂಡದ ಬಗ್ಗೆಯೇ ಮಾತಾಡಿದೆವು.

ಕುಲ ಆಡಿಸಿದ ಇಷ್ಟೂ ವಾರಗಳಲ್ಲಿ ಇಂಥ ಒಂದು ಗಳಿಗೆಯೂ ಬಂದಿರಲಿಲ್ಲ. ನನ್ನ ಆಯ್ಕೆ ಸಬ್‌ಕ್ಲಾಸ್, ಅದರಲ್ಲಿ ಎರಡು ಮಾತಿಲ್ಲ. ಕುಲಕ್ಕೂ ಒಂದು ಅನುಕೂಲ ಇದೆ ಎನ್ನುವುದು ನಿಜ: ಒಮ್ಮೆ ಬರೆದರೆ ಮುಗಿಯಿತು, ಯಾವ ವರ್ಗಕ್ಕೂ ಹೊಂದುತ್ತದೆ. ಸಬ್‌ಕ್ಲಾಸ್‌ಗೆ 6, 10, 14ನೆಯ ಲೆವೆಲ್‌ಗಳಲ್ಲಿ ಹೊಸ ಶಕ್ತಿ ಬರೆಯಬೇಕು. ಆರನೆಯದಕ್ಕೆ ಸವೆದ ಚಪ್ಪಲಿ ಸೇರಿಸಿದ್ದೇನೆ: ಜೊತೆಗಾರರು ಮಲಗಿದ ರಾತ್ರಿ ಬೇತಾಳ ಸುತ್ತ ಕಾವಲು ತಿರುಗುತ್ತಾನೆ, ಯಾರೂ ಅವರ ಮೇಲೆ ಹಠಾತ್ತನೆ ಬೀಳಲಾಗದು. ಇದನ್ನು ಸೂಚಿಸಿದವನು ಮರಾಠಿ ಹುಡುಗ. ಶವಪ್ರವೇಶವನ್ನು ಹತ್ತಕ್ಕೆ ಮುಂದೂಡಿದ್ದೇನೆ.

ಆಟದ ಮೂಲ ನಿಯಮಗಳ ಒಂದು ಭಾಗವನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಲಾಗಿದೆ. ಹಾಗಾಗಿ ಮೂಲವನ್ನು ಉಲ್ಲೇಖಿಸಿ, ಕನ್ನಡದಲ್ಲೇ ಬರೆದ ಈ ಸಬ್‌ಕ್ಲಾಸನ್ನು ಬೇರೆ ತಂಡಗಳಿಗೂ ಕೊಡಬಹುದು. ಕೊಡುವ ಮುನ್ನ ಪ್ರಶ್ನೆಗಳು ಬೇಕು, ಪ್ರತಿ ರೆಸ್ಟ್‌ಗೂ ಒಂದು ಹೊಸದು. ಹಳೆಯ ಕಥೆಗಳ ಉತ್ತರ ಎಲ್ಲರಿಗೂ ಗೊತ್ತಿರುವುದರಿಂದ ಅವು ಉಪಯೋಗಕ್ಕೆ ಬರುವುದಿಲ್ಲ. ಗುಡ್ಡ ಹತ್ತುವಾಗ ಒಂದೊಂದೇ ಹೊಳೆಯುತ್ತಿವೆ. ಈವರೆಗೆ 9 ಆಗಿವೆ. ಬೇತಾಳನ 25 ಕಥೆಗಳ ಲೆಕ್ಕಕ್ಕೆ ಇನ್ನೂ 16 ಬಾಕಿ.