ಲೂನಿ ಟ್ಯೂನ್ಸ್ ಗೋಲ್ಡನ್ ಕಲೆಕ್ಷನ್ 6: ಯುದ್ಧದ ಡಿಸ್ಕಿನಲ್ಲಿ ಇರುವುದು, ಇಲ್ಲದ್ದು

ವಾರ್ನರ್ ಸ್ಟುಡಿಯೊದ ಹಳೆಯ ಕಾರ್ಟೂನುಗಳಿರುವ 2008ರ ಈ ನಾಲ್ಕು ಡಿಸ್ಕಿನ ಡಿವಿಡಿ ಪೆಟ್ಟಿಗೆಯನ್ನು ಕೊಳ್ಳುವವರು ಹೆಚ್ಚಾಗಿ ಹುಡುಕಿ ಬರುವುದು ‘ಪೇಟ್ರಿಯಾಟಿಕ್ ಪಾಲ್ಸ್’ ಎಂಬ ಎರಡನೇ ಡಿಸ್ಕಿಗಾಗಿ. ಹದಿನೈದು ಕಿರುಚಿತ್ರಗಳು, ಬಹುಪಾಲು ಎರಡನೇ ಮಹಾಯುದ್ಧದ ಕಾಲದವು. ವರ್ಷಗಟ್ಟಲೆ ಬಳಸಿದ ಮೇಲೂ 5ಕ್ಕೆ 3½ ಕೊಡಬಹುದು. ಕಳೆದ ಒಂದೂವರೆ ಅಂಕ ಇದರಲ್ಲಿ ಇಲ್ಲದ್ದಕ್ಕೆ.

‘ಹೆರ್ ಮೀಟ್ಸ್ ಹೇರ್’ನಲ್ಲಿ (1945) ದಾರಿ ತಪ್ಪಿದ ಮೊಲ ಬಗ್ಸ್ ಬನ್ನಿ ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಕಾಡಿನಲ್ಲಿ ನಾಜಿ ನಾಯಕ ಗೋರಿಂಗ್‌ನನ್ನು ಗೋಳುಹೊಯ್ದುಕೊಳ್ಳುತ್ತಾನೆ. ‘ರಷ್ಯನ್ ರ‍್ಯಾಪ್ಸೊಡಿ’ಯಲ್ಲಿ (1944) ಹಿಟ್ಲರನ ವಿಮಾನವನ್ನು ಬಿಚ್ಚಿಹಾಕುವ ಕುಳ್ಳ ಗ್ರೆಮ್ಲಿನ್‌ಗಳಿಗೆ (ಯಂತ್ರ ಕೆಡಿಸುವ ಕಾಲ್ಪನಿಕ ಕುಚೇಷ್ಟೆಯ ಜೀವಿಗಳು) ಸ್ಟುಡಿಯೊ ನೌಕರರದೇ ಮುಖ. ಎರಡರಲ್ಲೂ ಗೇಲಿಗೆ ಸಿಕ್ಕುವವರು ವ್ಯಕ್ತಿಗಳು: ಒಬ್ಬನ ಪದಕಗಳ ಹುಚ್ಚು, ಇನ್ನೊಬ್ಬನ ಅರಚಾಟ. ಜಪಾನಿನ ಸರದಿ ಬಂದಾಗ ವ್ಯಕ್ತಿ ಮಾಯವಾಗಿ ಜನಾಂಗವೇ ಗುರಿಯಾಗುತ್ತದೆ. ‘ದಿ ಡಕ್ಟೇಟರ್ಸ್’ (1942) ನೋಡಿದರೆ ಇದು ತಿಳಿಯುತ್ತದೆ. ಜಪಾನಿ ಬಾತುಕೋಳಿಗೆ ಕನ್ನಡಕ, ಉಬ್ಬುಹಲ್ಲು, ಮುರುಕು ಇಂಗ್ಲಿಷ್. ಏಟು ಬೀಳತೊಡಗಿದಾಗ ಅದು ‘ನಾನು ಚೀನೀಯ’ ಎಂಬ ಬಿಲ್ಲೆ ತೋರಿಸುತ್ತದೆ. ಪರ್ಲ್ ಹಾರ್ಬರ್ ದಾಳಿಯ ನಂತರ ಅಮೆರಿಕದ ಚೀನೀಯರು ಹಲ್ಲೆಗೆ ಹೆದರಿ ನಿಜಕ್ಕೂ ಅಂಥ ಬಿಲ್ಲೆ ಧರಿಸುತ್ತಿದ್ದರು. ಇದು ಗೊತ್ತಿದ್ದರೆ ಆ ಹಾಸ್ಯ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಈ ಪೂರ್ವಗ್ರಹಗಳು ಅಂದೂ ತಪ್ಪು, ಇಂದೂ ತಪ್ಪು. ಆದರೆ ತೋರಿಸದಿದ್ದರೆ ಅವು ಇರಲೇ ಇಲ್ಲ ಎಂದಂತಾಗುತ್ತದೆ ಎಂಬ ಎಚ್ಚರಿಕೆ ಫಲಕ ಶುರುವಿಗೇ ಬರುತ್ತದೆ. ಒಳ್ಳೆಯ ಮಾತೇ. ಹಾಗಾದರೆ ಜಪಾನೀಯರನ್ನು ಅಣಕಿಸುವ ‘ಟೋಕಿಯೊ ಜೋಕಿಯೊ’ (1943) ಎಲ್ಲಿ? ಬಗ್ಸ್ ಬನ್ನಿ ಐಸ್‌ಕ್ರೀಮಿನೊಳಗೆ ಗ್ರೆನೇಡ್ ಅಡಗಿಸಿ ಜಪಾನಿ ಸೈನಿಕರಿಗೆ ಹಂಚುವ, ಹೆಸರಿನಲ್ಲೇ ಬೈಗುಳವಿರುವ 1944ರ ಚಿತ್ರ ಎಲ್ಲಿ? ಎರಡೂ ಇಲ್ಲ. ಹಾಗಾಗಿ ಈ ಡಿಸ್ಕನ್ನಷ್ಟೇ ನೋಡಿದವರಿಗೆ ವಾರ್ನರ್ ಸ್ಟುಡಿಯೊ ಮುಖ್ಯವಾಗಿ ನಾಜಿಗಳನ್ನು ಅಣಕಿಸಿತ್ತು ಎಂಬ ಭ್ರಮೆ ಹುಟ್ಟುತ್ತದೆ. ಹಿನ್ನೆಲೆಯ ವಿವರಣೆಯೇ ಬೇಕಿದ್ದರೆ ಡಿಸ್ನಿಯ ಯುದ್ಧಕಾಲದ ಚಿತ್ರಗಳ 2004ರ ಡಿವಿಡಿ ‘ಆನ್ ದಿ ಫ್ರಂಟ್ ಲೈನ್ಸ್’ ಮೇಲು. ಅದರಲ್ಲಿ ಚಿತ್ರವಿಮರ್ಶಕ ಲೆನರ್ಡ್ ಮಾಲ್ಟಿನ್ ತೆರೆಯ ಮೇಲೆ ಬಂದು ಹಿನ್ನೆಲೆ ಹೇಳುತ್ತಾರೆ, ಡೊನಾಲ್ಡ್ ಡಕ್ ಜಪಾನಿ ಸೈನಿಕರನ್ನು ಎದುರಿಸುವ ‘ಕಮಾಂಡೊ ಡಕ್’ (1944) ಕೂಡ ಇದೆ.

ಡಿವಿಡಿಗಳಿಗೆ ಇಂಥ ಪ್ರದೇಶದ ಪ್ಲೇಯರಿನಲ್ಲೇ ಓಡಬೇಕೆಂಬ ‘ರೀಜನ್’ ಸಂಖ್ಯೆ ಇರುತ್ತದೆ. ಅಮೆರಿಕದ ಮುದ್ರಣ ರೀಜನ್ 1, ಅಲ್ಲಿನ ಟಿವಿ ಮಾದರಿಯಾದ ಎನ್‌ಟಿಎಸ್‌ಸಿಯದು. ಭಾರತದ್ದು ರೀಜನ್ 5, ಆದ್ದರಿಂದ ಮಲ್ಟಿ-ರೀಜನ್ ಪ್ಲೇಯರ್ ಬೇಕು. ಕಂಪ್ಯೂಟರ್ ಡ್ರೈವಿನಲ್ಲಿ ರೀಜನ್ ಬದಲಿಸಲು ಸಾಮಾನ್ಯವಾಗಿ ಐದೇ ಅವಕಾಶ, ಆಮೇಲೆ ಕೊನೆಯದಕ್ಕೇ ಬೀಗ. ಟಿವಿಯ ಚಿತ್ರದ ಅಗಲ-ಎತ್ತರದ ಅನುಪಾತವನ್ನು 4:3ಕ್ಕೆ ಇಡಿ. ಇಲ್ಲದಿದ್ದರೆ ಚಿತ್ರ ಅಡ್ಡಡ್ಡ ಹಿಗ್ಗುತ್ತದೆ.

ಹಳೆಯ ಪ್ರತಿ ಕೊಳ್ಳುವವರಿಗೆ ದೊಡ್ಡ ಅಪಾಯ ಡಿಸ್ಕ್ ಕೊಳೆಯುವುದು, ಅಂದರೆ ಅದರ ಒಳಪದರ ತಾನಾಗಿ ಕೆಡುವುದು. 2006ರಿಂದ 2008ರ ನಡುವೆ ತಯಾರಾದ ಕೆಲವು ಡಿವಿಡಿಗಳಲ್ಲಿ ದೋಷವಿರಬಹುದೆಂದು ವಾರ್ನರ್ ಸಂಸ್ಥೆ 2025ರಲ್ಲಿ ಒಪ್ಪಿಕೊಂಡಿದೆ. ಈ ಪೆಟ್ಟಿಗೆ ಅದೇ ಅವಧಿಯದು. ಗೀರು ಇಲ್ಲದ ಡಿಸ್ಕ್ ಕೂಡ ನಡುವೆ ನಿಂತುಹೋಗಬಹುದು. ಮೊದಲ ಹತ್ತು ನಿಮಿಷ ನೋಡಿ ಸರಿಯಿದೆ ಎನ್ನಬೇಡಿ. ನಾಲ್ಕೂ ಡಿಸ್ಕುಗಳನ್ನು ಮೊದಲಿಂದ ಕೊನೆಯವರೆಗೆ ಕಂಪ್ಯೂಟರಿನಲ್ಲಿ ಓದಿಸಿ, ಓದುವ ದೋಷ ಕಂಡರೆ ಹಿಂತಿರುಗಿಸುವ ಗಡುವಿನೊಳಗೆ ವಾಪಸ್ ಕಳಿಸಿ.