ನೀರಾಟಕ್ಕೆ ಯಾವ ಕ್ಯಾಮೆರಾ? ಮೂರನ್ನೂ ಬಳಸಿ ನೋಡಿದೆ

ಮಲ್ಪೆಗೆ ಹೋದಾಗ ನಮ್ಮ ಹತ್ತಿರ ಮೂರು ಕ್ಯಾಮೆರಾ ಇದ್ದವು. ಪ್ಲಾಸ್ಟಿಕ್ ಪೌಚಿನೊಳಗೆ ನನ್ನ ಫೋನು. ಮಗನ ಕೈಯಲ್ಲಿ ಗೋಪ್ರೋ ಹೀರೋ 9 ಎಂಬ ಪುಟ್ಟ ಆಕ್ಷನ್ ಕ್ಯಾಮೆರಾ. ಇನ್ನೊಂದು, ನನ್ನ ತಮ್ಮ ಕೊಟ್ಟು ಕಳಿಸಿದ್ದ ಒಲಿಂಪಸ್ ಟಫ್ ಟಿಜಿ-6. ಮನೆಗೆ ಬಂದು ಟಿವಿಗೆ ಹಾಕಿ ನೋಡಿದರೆ, ನಾವು ಮೂರು ಬೇರೆ ಬೇರೆ ಪ್ರವಾಸಕ್ಕೆ ಹೋಗಿಬಂದ ಹಾಗಿತ್ತು.

ನನಗೆ ಮುಖ್ಯವಾದದ್ದು ಮಾತು. ಅತ್ತೆ ಜೀವನದಲ್ಲಿ ಮೊದಲ ಸಲ ಅಲೆಗೆ ಕಾಲಿಟ್ಟು, "ಅಯ್ಯೋ ಪುಟ್ಟೀ, ಕಾಲಡಿ ಮರಳು ಜಾರ್ತಾ ಇದೆ ಕಣೇ" ಎಂದು ನಕ್ಕರು. ನಾನು ಫೋನಿನಲ್ಲಿ ತೆಗೆಯುತ್ತಿದ್ದೆ. ಪೌಚಿನ ಒಳಗಿದ್ದ ಫೋನಿಗೆ ಆ ಮಾತು ಕೊಡದೊಳಗಿಂದ ಬಂದ ಹಾಗೆ ಕೇಳಿಸಿದೆ. ಬಿಸಿಲಿಗೆ ಫೋನು ಕಾದು, ಸ್ವಲ್ಪ ಹೊತ್ತಿಗೆ ರೆಕಾರ್ಡಿಂಗೇ ನಿಂತುಹೋಯಿತು. ಒಳಗೆ ಹಬೆ ಕಟ್ಟಿತು. ನೀರಿನೊಳಗೆ ಟಚ್ ಕೆಲಸ ಮಾಡುವುದಿಲ್ಲ, ವಾಲ್ಯೂಮ್ ಬಟನ್ ಒತ್ತಿಯೇ ವಿಡಿಯೋ ಶುರು ಮಾಡಬೇಕು.

ಫೋನಿಗೆ ನೀರು ತಡೆಯುವ ಐಪಿ68 ರೇಟಿಂಗ್ ಇದೆಯಲ್ಲ, ಪೌಚ್ ಯಾಕೆ ಎಂದು ಇವರು ಕೇಳಿದರು. ಆ ಪರೀಕ್ಷೆ ನಡೆಯುವುದು ನಿಂತ ಸಿಹಿನೀರಿನಲ್ಲಿ. ಉಪ್ಪುನೀರು, ಅಲೆಯ ಹೊಡೆತ ಬೇರೆಯೇ. ನೀರು ಹೊಕ್ಕು ಕೆಟ್ಟರೆ ವಾರಂಟಿ ಕೂಡ ಸಾಮಾನ್ಯವಾಗಿ ಸಿಗುವುದಿಲ್ಲ. ಜಲಪಾತದ ತುಂತುರಿಗೆ, ಮಳೆಗೆ ಪೌಚ್ ಸಾಕು. ಸಮುದ್ರಕ್ಕೆ ಮತ್ತೆ ಒಯ್ಯುವುದಿಲ್ಲ.

ಗೋಪ್ರೋಗೆ ಬೇರೆ ಕವಚ ಬೇಡ, ಹಾಗೆಯೇ 10 ಮೀಟರ್ ಆಳಕ್ಕೆ ಇಳಿಸಬಹುದು. ಮಗ ಅದನ್ನು ಹಿಡಿದು ಓಡಿದ, ಬಿದ್ದ, ಅಲೆಯೊಳಗೆ ನುಗ್ಗಿದ. ಅಷ್ಟಾದರೂ ವಿಡಿಯೋ ಅಲುಗಾಡಿಲ್ಲ! ಮುಂದಿನ ಪುಟ್ಟ ಪರದೆಯಲ್ಲಿ ತನ್ನ ಮುಖ ಕಾಣುವುದರಿಂದ ಅವನಿಗೆ ಯಾರ ಸಹಾಯವೂ ಬೇಕಾಗಲಿಲ್ಲ. ಅದಕ್ಕೂ ಮೊದಲು ಗಣೇಶಗುಡಿಯ ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಿದಾಗ ಇವರು ಅದನ್ನು ಎದೆಗೆ ಕಟ್ಟಿಕೊಂಡಿದ್ದರು. ಎರಡೂ ಕೈ ಹುಟ್ಟಿನ ಮೇಲಿರುವಾಗ ಬೇರೆ ಯಾವ ಕ್ಯಾಮೆರಾವೂ ಆಗುವುದಿಲ್ಲ.

ಆದರೆ ಆಕ್ಷನ್ ಕ್ಯಾಮೆರಾಗಳ ಲೆನ್ಸ್ ತುಂಬಾ ಅಗಲ. ಹತ್ತಿರ ಇದ್ದವರು ಚೆನ್ನಾಗಿ ಬರುತ್ತಾರೆ. ದಡದಲ್ಲಿ ಕೂತ ಅತ್ತೆ ಮಾತ್ರ ಸಾಸಿವೆ ಕಾಳಿನಷ್ಟು ಕಾಣುತ್ತಾರೆ. ನೀರಿನಿಂದ ಮೇಲೆತ್ತಿದ ಕೂಡಲೇ ಮೈಕಿನ ತೂತಿನಲ್ಲಿ ಹನಿ ನಿಂತು ಮಾತು ಮಸುಕಾಗುತ್ತದೆ. ಕ್ಯಾಮೆರಾವನ್ನು ಒಂದೆರಡು ಸಲ ಜಾಡಿಸಿ, ಮೈಕನ್ನು ಬಟ್ಟೆಯಿಂದ ಒರೆಸಿ, ಆಮೇಲೆ ಮಾತಾಡಿಸಬೇಕು.

ಟಿಜಿ-6 ಬಗ್ಗೆ ನನಗೆ ಅಷ್ಟೇನೂ ನಿರೀಕ್ಷೆ ಇರಲಿಲ್ಲ. 2019ರ ಮಾಡೆಲ್, ನೋಡಲು ಹಳೇ ಕಾಲದ ಡಿಜಿಟಲ್ ಕ್ಯಾಮೆರಾ ತರಹ. ಆದರೆ 15 ಮೀಟರ್ ಆಳಕ್ಕೆ ಇಳಿಯುತ್ತದೆ, 4 ಪಟ್ಟು ಆಪ್ಟಿಕಲ್ ಜೂಮ್ ಇದೆ. ನಾನು ಮೊಣಕಾಲುದ್ದ ನೀರಿನಲ್ಲಿ ನಿಂತೇ, ದಡದಲ್ಲಿ ಮಗಳ ತಲೆ ಒರೆಸುತ್ತಿದ್ದ ಅತ್ತೆಯ ಮುಖ ಹಿಡಿದೆ. ಅವರಿಗೆ ಗೊತ್ತೇ ಆಗಲಿಲ್ಲ. ಮರುದಿನ ಬೋಟಿನಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದೆವು. ಎಲ್ಲರೂ ಅಲ್ಲಿನ ಕಂಬದಂಥ ಕಲ್ಲುಗಳನ್ನು ನೋಡುತ್ತಿದ್ದರೆ, ಮಗಳು ಚಿಪ್ಪುಗಳ ಹಿಂದೆ ಬಿದ್ದಳು. ಟಿಜಿ-6 ಲೆನ್ಸಿನಿಂದ 1 ಸೆಂಟಿಮೀಟರ್ ದೂರದ ವಸ್ತುವಿಗೂ ಫೋಕಸ್ ಮಾಡುತ್ತದೆ. ಚಿಪ್ಪಿನೊಳಗಿದ್ದ ಪುಟ್ಟ ಏಡಿಯ ಕಾಲು ಟಿವಿ ತುಂಬಾ ಕಂಡಾಗ ಅವಳು ಕುಣಿದಾಡಿದಳು. ಒದ್ದೆ ಕೈಯಲ್ಲೂ ಬಟನ್ ಸಲೀಸಾಗಿ ಒತ್ತಬಹುದು. ನಡೆಯುತ್ತಾ ತೆಗೆದ ವಿಡಿಯೋ ಗೋಪ್ರೋದಷ್ಟು ಸ್ಥಿರವಲ್ಲ, ನಿಂತು ತೆಗೆಯಬೇಕು.

ಗೋಪ್ರೋ, ಟಿಜಿ-6 ಎರಡೂ ನೀರಿಗೆ ಬಿದ್ದರೆ ಮುಳುಗುತ್ತವೆ. ತೇಲುವ ಪಟ್ಟಿ ಕಟ್ಟದೆ ಮಕ್ಕಳ ಕೈಗೆ ಕೊಡಬೇಡಿ. ಸಂಜೆ ರೂಮಿಗೆ ಬಂದ ಮೇಲೆ ಸಿಹಿನೀರಿನ ಬಕೆಟ್‌ನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಡಿ. ಪೂರ್ತಿ ಒಣಗುವ ತನಕ ಬ್ಯಾಟರಿ ಬಾಗಿಲು ತೆಗೆಯಬೇಡಿ. ಮುಚ್ಚುವಾಗ ರಬ್ಬರಿನ ಮೇಲೆ ಒಂದು ಕೂದಲು, ಒಂದು ಮರಳಿನ ಕಣ ಇದ್ದರೂ ನೀರು ಒಳಗೆ ನುಗ್ಗಬಹುದು.

ರಾಫ್ಟಿಂಗ್, ಈಜು ಜಾಸ್ತಿ ಇರುವ ಮನೆಯವರು ಗೋಪ್ರೋ ತಗೊಳ್ಳಿ. ನಮ್ಮ ಹಾಗೆ ದಡದಲ್ಲಿ ಒಬ್ಬ ಹಿರಿಯರು, ನೀರಿನಲ್ಲಿ ಒಂದು ಮಗು ಇದ್ದರೆ ನನ್ನ ಓಟು ಟಫ್‌ಗೆ. ತಮ್ಮನ ಕ್ಯಾಮೆರಾ ವಾಪಸ್ ಕೊಟ್ಟಾಯಿತು. ಅದರ ಮುಂದಿನ ಮಾಡೆಲ್ ಆಗಿ, ಒಲಿಂಪಸ್ ಬದಲು ಓಎಂ ಸಿಸ್ಟಮ್ ಹೆಸರಿನಲ್ಲಿ 2023ರಲ್ಲಿ ಬಂದ ಟಿಜಿ-7ಕ್ಕೆ ಈಗ ದುಡ್ಡು ಕೂಡಿಡುತ್ತಿದ್ದೇನೆ.