ಬಫರ್ ಅಲೈನ್‌ಮೆಂಟ್: ಅಟ್ರಿಬ್ಯೂಟ್, ಲಿಂಕರ್, ಹೀಪ್ – ಮೂರನ್ನೂ ಬಳಸಿ ನೋಡಿದ ಮೇಲೆ

ಡಿಎಂಎ (ಸಿಪಿಯು ನೆರವಿಲ್ಲದೆ ನೇರ ಮೆಮೊರಿಗೆ ಡೇಟಾ ಸಾಗಿಸುವ ಹಾರ್ಡ್‌ವೇರ್) ಬರೆಯುವ ಬಫರ್ ಯಾವುದೇ ಇರಲಿ, ನಾನು ಈಗ ಅದನ್ನು ಲಿಂಕರ್ ಕಮಾಂಡ್ ಫೈಲ್‌ನಲ್ಲೇ (ಯಾವುದು ಮೆಮೊರಿಯಲ್ಲಿ ಎಲ್ಲಿ ಕೂರಬೇಕು ಅಂತ ಲಿಂಕರ್‌ಗೆ ಹೇಳುವ ಫೈಲ್) ಅಲೈನ್ ಮಾಡುತ್ತೇನೆ, ಅಂದರೆ ಇಂತಿಷ್ಟರಿಂದ ಭಾಗವಾಗುವ ವಿಳಾಸದಲ್ಲಿ ಕೂರಿಸುತ್ತೇನೆ. ಕೋಡ್‌ನಲ್ಲೇ ಕಂಪೈಲರ್‌ಗೆ ಸೂಚನೆ ಕೊಡುವ ಅಟ್ರಿಬ್ಯೂಟ್ ಹಾಕುವುದು ಇದಕ್ಕಿಂತ ಸುಲಭ, ಪ್ರೋಗ್ರಾಂ ಓಡುವಾಗ ಹೀಪ್‌ನಿಂದ ಪಡೆಯುವುದೂ ಸಾಧ್ಯ. ಟಿಐ (ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್) ಕಂಪನಿಯ ಸಿ6000 ಡಿಎಸ್‌ಪಿ (ಸಿಗ್ನಲ್ ಸಂಸ್ಕರಣೆಯ ಚಿಪ್) ಮೇಲೆ ಮೂರನ್ನೂ ಬಳಸಿದ್ದೇನೆ. ನನ್ನ ಮತ ಲಿಂಕರ್‌ಗೆ.

ಮೊದಲು ಅಟ್ರಿಬ್ಯೂಟ್. ಡಿಕ್ಲರೇಷನ್ ಪಕ್ಕದಲ್ಲಿ 128ಕ್ಕೆ ಅಲೈನ್ ಮಾಡು ಅಂತ ಬರೆದರೆ ಸಾಕು, ಬಫರ್ 128ರಿಂದ ಭಾಗವಾಗುವ ವಿಳಾಸದಲ್ಲಿ ಶುರುವಾಗುತ್ತದೆ. ಫೈಲ್ ಬೇರೆ ಪ್ರಾಜೆಕ್ಟಿಗೆ ಹೋದರೆ ಇದೂ ಜೊತೆಗೇ ಹೋಗುತ್ತದೆ. ಕಂಪೈಲರ್‌ಗೂ ವಿಷಯ ಗೊತ್ತಿರುವುದರಿಂದ 8 ಬೈಟ್‌ಗಳನ್ನು ಒಂದೇ ಸಲ ತರುವ ಎಲ್‌ಡಿಡಿಡಬ್ಲ್ಯೂ ಲೋಡನ್ನು ಧೈರ್ಯವಾಗಿ ಬಳಸುತ್ತದೆ.

ಕಾಟ ಇರುವುದು ಬಾಲದಲ್ಲಿ. ಅಟ್ರಿಬ್ಯೂಟ್ ನೋಡಿಕೊಳ್ಳುವುದು ಬಫರ್ ಎಲ್ಲಿ ಶುರುವಾಗಬೇಕು ಅನ್ನುವುದನ್ನು ಮಾತ್ರ. ಎಲ್ಲಿ ಮುಗಿಯುತ್ತದೆ ಅನ್ನುವುದರ ಗೊಡವೆ ಅದಕ್ಕಿಲ್ಲ. 16 ಬಿಟ್‌ನ 100 ಆಡಿಯೋ ಸ್ಯಾಂಪಲ್ ಹಿಡಿಯುವ ಬಫರ್ ತೆಗೆದುಕೊಳ್ಳಿ, 200 ಬೈಟ್. ಹೊರಗಿನ ಮೆಮೊರಿಯಲ್ಲಿದೆ, ಎಲ್2 ಕ್ಯಾಶ್ (ಮೆಮೊರಿಯ ನಕಲು ಇಟ್ಟುಕೊಳ್ಳುವ ವೇಗದ ಜಾಗ) ಆನ್ ಆಗಿದೆ. ಎಲ್2 ಕ್ಯಾಶ್ ಲೈನ್, ಅಂದರೆ ಕ್ಯಾಶ್ ಒಂದೇ ಸಲ ತರುವ ಅಥವಾ ಬಿಡುವ ತುಂಡು, 128 ಬೈಟ್. ಮೊದಲ ಲೈನ್ ಪೂರ್ತಿ ಬಫರ್‌ನದ್ದೇ. ಎರಡನೆಯದರಲ್ಲಿ 72 ಬೈಟ್ ಬಫರ್, ಉಳಿದ 56 ಖಾಲಿ. ಆ ಖಾಲಿ ಜಾಗಕ್ಕೆ ಲಿಂಕರ್ ಇನ್ಯಾವುದೋ ವೇರಿಯಬಲ್ ತಂದು ಕೂರಿಸುತ್ತದೆ. ಒಂದು ಕೌಂಟರ್ ಅಂದುಕೊಳ್ಳಿ.

ಸಿಪಿಯು ಕೌಂಟರನ್ನು ಏರಿಸುತ್ತದೆ, ಹೊಸ ಬೆಲೆ ಇನ್ನೂ ಕ್ಯಾಶ್‌ನಲ್ಲೇ ಇದೆ. ಅಷ್ಟರಲ್ಲಿ ಡಿಎಂಎ ಹೊಸ ಸ್ಯಾಂಪಲ್‌ಗಳನ್ನು ಮೆಮೊರಿಗೆ ತುಂಬುತ್ತದೆ. ಅವನ್ನು ಓದಬೇಕಾದರೆ ಕ್ಯಾಶನ್ನು ಇನ್‌ವ್ಯಾಲಿಡೇಟ್ ಮಾಡಬೇಕು (ಅದರಲ್ಲಿರುವ ಹಳೆಯ ನಕಲನ್ನು ಎಸೆಯಬೇಕು), ಅಲ್ವಾ? ಮಾಡಿದರೆ ಇಡೀ ಲೈನ್ ಹೋಗುತ್ತದೆ, ಕೌಂಟರ್ ಹಳೆಯ ಬೆಲೆಗೆ ವಾಪಸ್. ಸರಿ, ರೈಟ್‌ಬ್ಯಾಕ್ ಮಾಡಿ (ಕ್ಯಾಶ್‌ನಲ್ಲಿರುವುದನ್ನು ಮೆಮೊರಿಗೆ ಬರೆದು) ಆಮೇಲೆ ಇನ್‌ವ್ಯಾಲಿಡೇಟ್ ಮಾಡೋಣ ಅಂದರೆ ಕೌಂಟರ್ ಉಳಿಯುತ್ತದೆ. ಆದರೆ ಅದೇ ಲೈನ್‌ನಲ್ಲಿದ್ದ ಹಳೆಯ 36 ಸ್ಯಾಂಪಲ್‌ಗಳು ಡಿಎಂಎ ಈಗಷ್ಟೇ ತಂದದ್ದರ ಮೇಲೆ ಬಿದ್ದು, ಆಡಿಯೋದಲ್ಲಿ ಟಿಕ್ ಟಿಕ್ ಶುರು. ಹುಡುಕೋಣ ಅಂತ ಡೀಬಗ್‌ಗೆ ಒಂದು ವೇರಿಯಬಲ್ ಸೇರಿಸಿದರೆ ಜೋಡಣೆ ಬದಲಾಗಿ ತೊಂದರೆಯೇ ಮಾಯ! ತೆಗೆದರೆ ಮತ್ತೆ ಹಾಜರ್. ಇಂಥ ಬಗ್ ತಿನ್ನುವಷ್ಟು ಸಮಯ ಇನ್ನಾವುದೂ ತಿನ್ನುವುದಿಲ್ಲ.

ಲಿಂಕರ್ ದಾರಿಯಲ್ಲಿ ಇದಕ್ಕೆ ನೇರ ಮದ್ದಿದೆ. ಬಫರ್‌ಗೆ ಅದರದ್ದೇ ಸೆಕ್ಷನ್ (ಲಿಂಕರ್ ಒಟ್ಟಿಗೆ ಕೂರಿಸುವ ಮೆಮೊರಿ ಭಾಗ) ಕೊಟ್ಟು, ಟಿಐ ಲಿಂಕರ್‌ನಲ್ಲಿ ಬರೀ ಅಲೈನ್ ಬದಲು ಪಿಅಲೈನ್ 128 ಅಂತ ಬರೆಯಿರಿ. ಶುರುವಿನ ವಿಳಾಸವೂ ಸರಿಹೋಗುತ್ತದೆ, ಸೆಕ್ಷನ್‌ನ ಉದ್ದವೂ 128ರ ಲೆಕ್ಕಕ್ಕೆ ತುಂಬಿಕೊಳ್ಳುತ್ತದೆ. 200 ಬೈಟ್ 256 ಆಗುತ್ತದೆ. ಪಕ್ಕಕ್ಕೆ ಯಾರೂ ಬಂದು ಕೂರುವ ಹಾಗಿಲ್ಲ. ಗ್ನೂ ಲಿಂಕರ್ ಆದರೆ ಸೆಕ್ಷನ್‌ನ ಮೊದಲೂ ಕೊನೆಗೂ ಅಲೈನ್ ಬರೆಯಬೇಕು. ಒಂದೇ ಸೆಕ್ಷನ್‌ಗೆ ಎರಡು ಬಫರ್ ತುರುಕಿದರೆ ಮಾತ್ರ ಅವೆರಡರ ನಡುವೆ ಅದೇ ಜಗಳ. ಹಾಗಾಗಿ ಒಂದು ಬಫರ್‌ಗೆ ಒಂದು ಸೆಕ್ಷನ್.

ಅಟ್ರಿಬ್ಯೂಟನ್ನು ಸ್ಟ್ರಕ್ಟ್‌ಗೇ ಹಾಕಿದರೆ ಅದರ ಉದ್ದವೂ ಏರುತ್ತದೆ, ನಿಜ. ಆದರೆ ಎಲ್ಲ ಕಡೆ ಬಫರ್ ಅಂದರೆ ಸ್ಟ್ರಕ್ಟ್ ಅಂತ ಕೋಡ್ ತಿದ್ದುತ್ತಾ ಕೂರುವುದು ನನಗೆ ಹಿಡಿಸಲಿಲ್ಲ.

ಹೀಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಫ್‌ಎಫ್‌ಟಿ (ಸಿಗ್ನಲ್‌ನ ಆವರ್ತನಗಳನ್ನು ಬಿಡಿಸುವ ಲೆಕ್ಕ) ಉದ್ದ ಪ್ರೋಗ್ರಾಂ ಓಡುವಾಗಲೇ ಗೊತ್ತಾಗುವ ಕಡೆ ಮೆಮ್‌ಅಲೈನ್ (ಹೀಪ್‌ನಿಂದ ಅಲೈನ್ ಆದ ಜಾಗ ಕೊಡುವ ಫಂಕ್ಷನ್) ಬೇಕೇ ಬೇಕು. ಬಾಕಿ ಕಡೆ ಸುಮ್ನೆ ತಲೆನೋವು. ಜಾಸ್ತಿ ಜಾಗ ಕೇಳಿ ಪಾಯಿಂಟರ್‌ಗೆ ಮಾಸ್ಕ್ ಹಾಕಿ ತಾವೇ ಅಲೈನ್ ಮಾಡಿಕೊಳ್ಳುವವರು ಫ್ರೀ ಮಾಡುವಾಗ ಮೂಲ ಪಾಯಿಂಟರನ್ನೇ ಕೊಡಬೇಕು.

ಲಿಂಕರ್‌ಗೂ ಒಂದು ಕೊರತೆ ಇದೆ. ಅದು ಮಾಡಿದ್ದು ಕಂಪೈಲರ್‌ಗೆ ಗೊತ್ತಾಗುವುದಿಲ್ಲ. ಲೂಪ್‌ನ ಮುಂಚೆ ಒಂದು ಎನ್‌ಅಸರ್ಟ್ ಸಾಲು ಬರೆದು ಪಾಯಿಂಟರ್ 8ಕ್ಕೆ ಅಲೈನ್ ಆಗಿದೆ ಅಂತ ಹೇಳುತ್ತೇನೆ. ಪ್ರತಿ ಬಿಲ್ಡ್ ಆದ ಮೇಲೆ ಮ್ಯಾಪ್ ಫೈಲ್ (ಯಾವ ಸೆಕ್ಷನ್ ಎಲ್ಲಿ ಕೂತಿದೆ ಅನ್ನುವ ಲಿಂಕರ್‌ನ ಪಟ್ಟಿ) ಓದುವುದು ನನಗೆ ಅಭ್ಯಾಸ, ಆದ್ದರಿಂದ ಸೆಕ್ಷನ್ ಜಾಗ ತಪ್ಪಿದರೆ ಅಲ್ಲೇ ಕಾಣುತ್ತದೆ. ಮ್ಯಾಪ್ ತೆರೆಯದವರು ಶುರುವಿನಲ್ಲೇ ವಿಳಾಸ ಪರೀಕ್ಷಿಸುವ ಒಂದು ಸಾಲು ಹಾಕಿಕೊಳ್ಳಲಿ. ಬಫರ್‌ಗೆ ಹೆಚ್ಚೆಂದರೆ 127 ಬೈಟ್ ಪ್ಯಾಡಿಂಗ್‌ಗೆ ಹೋಗುತ್ತದೆ. ಹೊರಗಿನ ಮೆಮೊರಿಯಲ್ಲಿ ಅದು ನನಗೆ ಲೆಕ್ಕಕ್ಕಿಲ್ಲ.

ಮೈಕ್ರೋಚಿಪ್ ಕಂಪನಿಯ ಡಿಎಸ್‌ಪಿಕ್ 33ಎಫ್‌ನಂಥ ಚಿಪ್ ಆದರೆ ನಾನೂ ಅಟ್ರಿಬ್ಯೂಟನ್ನೇ ಬಳಸುತ್ತೇನೆ. ಅಲ್ಲಿ ಡೇಟಾ ಕ್ಯಾಶ್ ಇಲ್ಲ. 256 ಪಾಯಿಂಟ್ ಎಫ್‌ಎಫ್‌ಟಿಯ ಕಾಂಪ್ಲೆಕ್ಸ್ ಬಫರ್ 1024 ಬೈಟ್, ಬಿಟ್ ರಿವರ್ಸ್‌ಗೆ (ಎಫ್‌ಎಫ್‌ಟಿಯಲ್ಲಿ ಡೇಟಾದ ಕ್ರಮ ಬದಲಿಸುವ ಹಂತ) ಬೇಕಾದ ಅಲೈನ್‌ಮೆಂಟೂ 1024. ಅಲ್ಲಿ ಬಾಲವೇ ಉಳಿಯುವುದಿಲ್ಲ.